ಸಾದಲಿನ್ ಅವರ ಅವಸರ

'ಜ್ಞಾನದ ಹಣತೆ' ಎಂದು ಟೈಪು ಮಾಡಿ, ಮೂರನೆಯ ಸಲ ಅಳಿಸಿದೆ.

"ಹಣತೆ ಬೇಡಮ್ಮ," ಅಂದರು ಕೋನಪ್ಪಣ್ಣ, ನನ್ನ ಹೆಗಲ ಮೇಲಿಂದ ಸ್ಕ್ರೀನಿಗೆ ಇಣುಕಿ. "ಹೋದ ವಾರ ದನದ ಡಾಕ್ಟ್ರಿಗೆ ಹಾಕಿದೀವಿ."

"ಅಕ್ಷರಗಂಗೆ?"

"ಅದು ಚಿಂತಾಮಣಿ ಹೆಡ್‌ಮೇಷ್ಟ್ರಿಗೆ ಹೋಯ್ತು."

"ಆಲದ ಮರ?"

"ಈ ವರ್ಷ ಆಗ್ಲೇ ಒಂಬತ್ತು ಆಲದ ಮರ ನೆಟ್ಟಿದೀಯ. ಜಿಲ್ಲೇಲಿ ನೆರಳು ಜಾಸ್ತಿ ಆಗೋಯ್ತು. ಬೇಗ ಏನಾದ್ರೂ ಒಂದು ಹಾಕಮ್ಮ, ಫ್ರೇಮು ಕಾಯ್ತಾ ಐತೆ."

ಫ್ರೇಮು ನಿಜವಾಗಿಯೂ ಗೋಡೆಗೆ ಒರಗಿ ಕಾಯುತ್ತಿತ್ತು. ಚಿನ್ನದ ಬಣ್ಣ, ನಾಲ್ಕು ಮೂಲೆಗೆ ನಾಲ್ಕು ನವಿಲು, ನಡುವೆ ಖಾಲಿ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವ ಕೋನಪ್ಪಣ್ಣನ ಈ ಡಿಟಿಪಿ ಅಂಗಡಿಯಲ್ಲಿ ನಾನು ಬಿನ್ನವತ್ತಳೆ ಬರೆಯುತ್ತೇನೆ. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಯಾರೇ ನಿವೃತ್ತರಾಗಲಿ, ಅವರು ಎಷ್ಟು ದೊಡ್ಡವರೆಂದು ಅವರಿಗೇ ತಿಳಿಸಿಕೊಡುವ ಜವಾಬ್ದಾರಿ ನನ್ನದು. ಲಗ್ನಪತ್ರಿಕೆಯ ಎರಡು ಸಾಲಿನ ಕವನ, ಹುಟ್ಟುಹಬ್ಬದ ಫ್ಲೆಕ್ಸಿನ ಬಿರುದು, 'ಮತ್ತೆ ಹುಟ್ಟಿ ಬನ್ನಿ' ಎನ್ನುವ ಶ್ರದ್ಧಾಂಜಲಿ, ಇವೂ ನನ್ನವೇ. ಬರೆದು ಬದುಕುವವರನ್ನು ಲೇಖಕರು ಎನ್ನುವುದಾದರೆ ಈ ಜಿಲ್ಲೆಯಲ್ಲಿ ನನ್ನಷ್ಟು ಯಶಸ್ವಿ ಲೇಖಕಿ ಇನ್ನೊಬ್ಬಳಿಲ್ಲ. ಸತ್ತವರೂ ನನ್ನ ಓದುಗರೇ.

ಹೆಸರು ಮೌನಿಕಾ. ಮೂರು ವರ್ಷದಿಂದ ಒಂದು ಕತೆಯನ್ನೂ ಬರೆಯದೆ ಕೂತವಳಿಗೆ ಅಪ್ಪ ಅಮ್ಮ ಮೊದಲೇ ಯೋಚಿಸಿ ಇಟ್ಟಂಥ ಹೆಸರು.

"ಯಾರಿಗಣ್ಣ ಇದು?"

"ಅನಂತರಾಮಯ್ಯ ಮೇಷ್ಟ್ರು, ಮುದ್ದೇನಹಳ್ಳಿ ಕಡೆಯೋರು. ಎಪ್ಪತ್ತೈದು ತುಂಬ್ತಂತೆ, ಹಳೇ ಸ್ಟೂಡೆಂಟ್ಸು ಸನ್ಮಾನ ಮಾಡ್ತಾವ್ರೆ. ಮಗ ಬೆಂಗ್ಳೂರಲ್ಲಿ ಬುಕ್ಕು ಪ್ರಿಂಟ್ ಮಾಡಿಸೋರು, ಅವ್ರೇ ಬರ್ತಾರೆ ತಗೊಂಡೋಗಕ್ಕೆ. ಶ್ರೀಕರ್ ಅಂತ."

ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು.

ಶ್ರೀಕರ್ ಅವರನ್ನು ನಾನು ಕಂಡಿರಲಿಲ್ಲ. ಅವರ ಕೆಂಪು ಪೆನ್ನಿನ ಪರಿಚಯ ಮಾತ್ರ ಚೆನ್ನಾಗಿತ್ತು. ಮೂರು ವರ್ಷದ ಹಿಂದೆ ನನ್ನ ಎಂಟು ಕತೆಗಳನ್ನು ಅವರ ಪ್ರಕಾಶನಕ್ಕೆ ಕಳಿಸಿದ್ದೆ. ನಾಲ್ಕು ತಿಂಗಳಾದ ಮೇಲೆ ಅವು ಸಾದಲಿಗೆ, ನಮ್ಮ ಮನೆಗೆ, ವಾಪಸ್ಸು ಬಂದವು. ಒಟ್ಟು ನಲವತ್ತೇಳು ಕೆಂಪು ಸುತ್ತುಗಳಿದ್ದವು. ಎಣಿಸಿದ್ದೇನೆ.

ನಮ್ಮದು ಆಂಧ್ರದ ಅಂಚಿನ ಕಡೆ. ಮನೆಯಲ್ಲಿ ಮಾತು ತೆಲುಗು, ಜಗಳ ತೆಲುಗು, ರೇಷನ್ ಕಾರ್ಡು ಕನ್ನಡ. ಎರಡೂ ಭಾಷೆ ಒಂದೇ ತಟ್ಟೆಯಲ್ಲಿ ಕಲೆತು ಹೋಗಿರುತ್ತವೆ. ಯಾವ ತುತ್ತು ಯಾವುದರದು ಎಂದು ಯಾರೂ ನೋಡುವುದಿಲ್ಲ. ಶ್ರೀಕರ್ ನೋಡಿದ್ದರು. ಒಂದು ಕತೆಯಲ್ಲಿ 'ಪೆದ್ದಮ್ಮ' ಎಂದು ಬರುವ ಕಡೆಯಲ್ಲೆಲ್ಲ ಸುತ್ತು ಹಾಕಿ, 'ಹಿರಿಯ ಹೆಣ್ಣುಮಗಳನ್ನು ದಡ್ಡಿ ಎಂದು ಹೀಯಾಳಿಸುವುದು ಸಂವೇದನಾಶೀಲರ ಲಕ್ಷಣವಲ್ಲ' ಎಂದು ಬದಿಯಲ್ಲಿ ಬರೆದಿದ್ದರು. ಪೆದ್ದಮ್ಮ ಅಂದರೆ ನಮ್ಮಲ್ಲಿ ದೊಡ್ಡಮ್ಮ. ಆಕೆಯನ್ನು ದಡ್ಡಿ ಎಂದು ಕರೆದು ಬದುಕಿ ಉಳಿದವರು ಸಾದಲಿಯಲ್ಲಿ ಯಾರೂ ಇಲ್ಲ.

ಆ ಕತೆಯ ಕೊನೆಯ ಸಾಲಿಗೆ ಬಿದ್ದ ಸುತ್ತು ಮಾತ್ರ ನನ್ನ ಕುತ್ತಿಗೆಗೇ ಬಿದ್ದಂತಾಯಿತು.

ಅದು ನಡೆದ ಸಂಗತಿ. ಪೆದ್ದಮ್ಮನ ಗಂಡ ವೆಂಕಟರಾಮಪ್ಪ ಅವಳನ್ನು ಬಿಟ್ಟು ಗೌರಿಬಿದನೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಹನ್ನೆರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಬ್ಯಾಗು ಹಿಡಿದು ಬಂದು ನಮ್ಮ ಹುಳುಮನೆಯ ಬಾಗಿಲಲ್ಲಿ ನಿಂತ. ನನಗಾಗ ಒಂಬತ್ತು. ಪೆದ್ದಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ತಲೆಯೆತ್ತದೆ, "ನಂಗೆ ನಿನ್ನ ಅವಸರ ಇಲ್ಲ," ಅಂದಳು. ಅವನು ಬ್ಯಾಗು ಎತ್ತಿಕೊಂಡು ಬಂದ ಬಸ್ಸಿಗೇ ಹತ್ತಿದ. ಅಷ್ಟೇ.

ತೆಲುಗಿನಲ್ಲಿ ಅವಸರಂ ಅಂದರೆ ಬೇಕಾಗಿರುವುದು. ಕನ್ನಡದಲ್ಲಿ ಅವಸರ ಅಂದರೆ ಗಡಿಬಿಡಿ. ನಮ್ಮ ಕಡೆ ಕನ್ನಡದಲ್ಲಿ ಮಾತಾಡುವಾಗಲೂ ಬಾಯಿಗೆ ಬರುವುದು ತೆಲುಗಿನ ಅರ್ಥವೇ. ಶ್ರೀಕರ್ ಆ ಪದಕ್ಕೆ ಎರಡು ಸುತ್ತು ಹಾಕಿ, 'ತಪ್ಪು ಪ್ರಯೋಗ. ಅಗತ್ಯ ಎಂದಾಗಬೇಕು' ಎಂದಿದ್ದರು. ತಿದ್ದಿ ನೋಡಿದೆ. 'ನನಗೆ ನಿನ್ನ ಅಗತ್ಯವಿಲ್ಲ.' ಪೆದ್ದಮ್ಮ ಹೋಗಿ ತಾಲ್ಲೂಕು ಕಚೇರಿಯ ಸುತ್ತೋಲೆ ಬಂದು ಕೂತಿತು.

ಕೊನೆಯ ಹಾಳೆಯ ಕೆಳಗೆ ಅವರ ಆಶೀರ್ವಾದವಿತ್ತು: 'ಕನ್ನಡದಲ್ಲಿ ಬರೆಯುವ ಮುನ್ನ ಕನ್ನಡದಲ್ಲಿ ಯೋಚಿಸುವುದನ್ನು ರೂಢಿಸಿಕೊಳ್ಳಿ. ಶುಭವಾಗಲಿ.'

ರೂಢಿಸಿಕೊಂಡೆ. ಎಷ್ಟು ಚೆನ್ನಾಗಿ ರೂಢಿಸಿಕೊಂಡೆನೆಂದರೆ, 'ಅನ್ನ' ಎಂದು ಬರೆದು ಇದು ಊಟವೋ ತೆಲುಗಿನ ಅಣ್ಣನೋ ಎಂದು ನಿಘಂಟು ತೆಗೆಯುತ್ತಿದ್ದೆ. ಒಂದು ಸಾಲು ಬರೆಯುವುದು, ಅದಕ್ಕೆ ನಾನೇ ಸುತ್ತು ಹಾಕುವುದು, ಹಾಳೆ ಹರಿಯುವುದು. ಕೆಲವು ದಿನಗಳ ನಂತರ ಬರೆಯುವ ಮೊದಲೇ ಹರಿಯುವಷ್ಟು ಪಳಗಿದೆ. ಬಿನ್ನವತ್ತಳೆಯಲ್ಲಿ ಈ ಭಯವಿಲ್ಲ. 'ತಾವು ಸಹನೆಯ ಸಾಕಾರಮೂರ್ತಿ' ಎನ್ನುವ ಕನ್ನಡವನ್ನು ಭೂಮಿಯ ಮೇಲೆ ಯಾರೂ ಮಾತಾಡುವುದಿಲ್ಲವಾದ್ದರಿಂದ ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಬರುವುದಿಲ್ಲ.

ಅನಂತರಾಮಯ್ಯ ಮೇಷ್ಟ್ರನ್ನು 'ಕರ್ಮಯೋಗಿ' ಮಾಡಿ ಪ್ರಿಂಟು ಕೊಟ್ಟೆ. ಹತ್ತು ನಿಮಿಷಕ್ಕೆ ಕಾರು ಬಂದು ನಿಂತಿತು.

ಶ್ರೀಕರ್ ಖಾದಿ ಜುಬ್ಬಾ ಹಾಕಿದ್ದರು. ಅಪ್ಪನ ಬಿನ್ನವತ್ತಳೆಯನ್ನು ಎರಡು ಬೆರಳಲ್ಲಿ ಹಿಡಿದು ಓದಿದರು, ಜೇಬಿನಿಂದ ಪೆನ್ನು ತೆಗೆದರು. ಕೆಂಪು. 'ಕರ್ಮಯೋಗಿ'ಗೆ ಒಂದು ಸುತ್ತು ಬಿತ್ತು.

"ಕ್ಲೀಷೆ," ಅಂದರು.

"ಸಾರ್, ಅದು ಫೈನಲ್ ಪ್ರಿಂಟು," ಅಂದರು ಕೋನಪ್ಪಣ್ಣ.

"ಹೌದಾ? ಇರ್ಲಿ ಬಿಡಿ, ಅಪ್ಪಂಗೆ ಇಷ್ಟ ಆಗುತ್ತೆ." ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಜಿನ ಮೇಲಿದ್ದ ಗ್ರಂಥಾಲಯದ ಕಾದಂಬರಿಯ ಮೇಲೆ ಬಿತ್ತು. ಯಾವುದೋ ದೂರದ ದೇಶದ ಪುಸ್ತಕದ ಅನುವಾದ. "ಅನುವಾದ ಓದ್ತೀರಾ? ತುಂಬ ಒಳ್ಳೇದು. ನಾವೀಗ ಅನುವಾದ ಬಿಟ್ಟು ಬೇರೇನೂ ಮಾಡ್ತಿಲ್ಲ. ಇಲ್ಲಿಯೋರ ಬರವಣಿಗೇಲಿ ಏನೋ ಒಂದು ಕೊರತೆ. ಒಳಗಿನ ಚಳಿ ಇಲ್ಲ."

"ನಂದಿ ಬೆಟ್ಟದ ಪಕ್ಕದಲ್ಲೇ ಇದೀವಲ್ಲ ಸಾರ್," ಅಂದರು ಕೋನಪ್ಪಣ್ಣ. ಆಮೇಲೆ ನನ್ನನ್ನು ತೋರಿಸಿ, "ನಮ್ಮ ಮೌನಿಕಮ್ಮನೂ ಬರೀತಾಳೆ ಸಾರ್, ಕತೆ ಗಿತೆ."

"ಹೌದಾ? ಏನು ಬರೀತಿದೀರಿ ಈಗ?"

ಆ ಮುಖದಲ್ಲಿ ನನ್ನ ಹೆಸರಿನ ಸಣ್ಣ ನೆನಪೂ ಇರಲಿಲ್ಲ. ನಲವತ್ತೇಳು ಸುತ್ತು ಹಾಕಿದ ಮನುಷ್ಯನಿಗೆ ಒಂದಾದರೂ ಜ್ಞಾಪಕ ಇರಬೇಡವೆ? ಆ ಸಿಟ್ಟಿನಲ್ಲಿ, "ಅನುವಾದ ಮಾಡ್ತಿದೀನಿ ಸರ್," ಅಂದುಬಿಟ್ಟೆ.

"ಯಾರದ್ದು?"

ಕಿಟಕಿಯಾಚೆ ನಮ್ಮೂರಿನ ಪ್ರೈವೇಟ್ ಬಸ್ಸು ಹೂಕೋಸಿನ ಆಟೋದ ಹಿಂದೆ ಸಿಕ್ಕಿಹಾಕಿಕೊಂಡು ಹಾರ್ನು ಬಡಿಯುತ್ತಿತ್ತು. ಹಣೆಯ ಮೇಲೆ ಬೋರ್ಡು: ಸಾದಲಿ.

"ಸಾದಲಿನ್," ಅಂದೆ. "ಇವಾರ್ ಸಾದಲಿನ್."

"ಓ, ಸಾದಲಿನ್!" ಶ್ರೀಕರ್ ಕಣ್ಣು ಅರ್ಧ ಮುಚ್ಚಿದರು. "ಮೊದಮೊದಲ ಪುಸ್ತಕಗಳಲ್ಲಿ ಎಂಥ ಬಿಗಿ ಇತ್ತು. ಆಮೇಲೆ ಸ್ವಲ್ಪ ಸಡಿಲ ಆದ್ರು, ಅಲ್ವಾ?"

"ಹೆಂಡ್ತಿ ತೀರ್ಕೊಂಡ್ಮೇಲೆ," ಅಂದೆ.

"ಹೌದು ಹೌದು." ದುಃಖದಿಂದ ತಲೆಯಾಡಿಸಿದರು. "ಇಂಗ್ಲಿಷ್ ಮೂಲಕ ತಾನೆ? ಮುಗಿದ ತಕ್ಷಣ ನಂಗೇ ಕಳ್ಸಿ. ಬೇರೆ ಯಾರಿಗೂ ಕೊಡಬೇಡಿ."

ಕಾರು ಹೋದ ಮೇಲೆ ಕೋನಪ್ಪಣ್ಣ ಕೇಳಿದರು, "ಯಾರಮ್ಮ ಅದು ಸಾದಲಿನ್ನು?"

"ನಮ್ಮ ಬಸ್ಸು," ಅಂದೆ.

ಈಗ ಆ ಬಸ್ಸಿನ ಕಾದಂಬರಿಯನ್ನು ನಾನು ಬರೆಯಬೇಕಾಗಿತ್ತು.

ಸಾದಲಿಗೆ ಹೋಗುವ ದಾರಿಯಲ್ಲಿ ಗ್ರಂಥಾಲಯದ ಪುಸ್ತಕ ತೆರೆದೆ. ಅದರಲ್ಲೊಬ್ಬ ಪ್ರತಿ ಪುಟದಲ್ಲೂ ಭುಜ ಕುಣಿಸುತ್ತಾನೆ. ಹೆಂಡತಿ ಬಿಟ್ಟು ಹೋದಳು ಎಂದರೆ ಭುಜ ಕುಣಿಸುತ್ತಾನೆ, ಮನೆಗೆ ಬೆಂಕಿ ಬಿತ್ತು ಎಂದರೂ ಕುಣಿಸುತ್ತಾನೆ. ಮೊದಲ ಸಲ ಓದಿದಾಗ ಅವನ ಮೈಮೇಲೆ ಏನೋ ಬಂದಿದೆ ಎಂದುಕೊಂಡಿದ್ದೆ. ಆದರೆ ಆಗ ನಾನು ಲೇಖಕನನ್ನು ಬೈಯಲಿಲ್ಲ, ಅನುವಾದಕನನ್ನೂ ಬೈಯಲಿಲ್ಲ. ಇದನ್ನು ತಿಳಿಯುವಷ್ಟು ಆಳ ನನಗಿಲ್ಲ ಎಂದು ನನ್ನನ್ನೇ ಬೈದುಕೊಂಡಿದ್ದೆ. ಅನುವಾದದ ಕನ್ನಡಕ್ಕೆ ಯಾರೂ ಸುತ್ತು ಹಾಕುವುದಿಲ್ಲ. ಅಲ್ಲಿ ತಪ್ಪು ಕಂಡರೆ ಅದು ಓದುಗನ ತಪ್ಪು.

ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ ಬಂದು ನೋಟುಬುಕ್ಕು ತೆರೆದೆ. ಮೊದಲ ಸಾಲು ಬರೆದೆ: 'ಮೂಲ: ಇವಾರ್ ಸಾದಲಿನ್.' ಮೂರು ವರ್ಷದಲ್ಲಿ ನಾನು ಹರಿಯದ ಮೊದಲ ಸಾಲು ಅದು. ಆಮೇಲೆ ಒಂದು ನಿಯಮ ಮಾಡಿಕೊಂಡೆ. ನನ್ನ ಎಡಗಡೆ, ಮಂಚದ ಮೇಲೆ, ಸಾದಲಿನ್ ಅವರ ಪುಸ್ತಕ ತೆರೆದು ಬಿದ್ದಿದೆ. ಅದನ್ನು ನೋಡಬೇಕು, ಓದಬೇಕು, ಬಲಗಡೆ ತಿರುಗಿ ಕನ್ನಡದಲ್ಲಿ ಬರೆಯಬೇಕು. ಸಾಲು ಸೊಟ್ಟಗಿದೆ ಅನ್ನಿಸಿದರೆ ಎಡಕ್ಕೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಮೂಲದಲ್ಲಿ ಹಾಗೇ ಇದೆ. ನಾನೇನು ಮಾಡಲಿ?

"ಏಮೇ, ಆ ಹಾಸಿಗೇಲಿ ಏನೈತೆ ಅಂತ ನೋಡ್ತಾ ಇದೀಯ?" ಎಂದು ಪೆದ್ದಮ್ಮ ಒಂದೆರಡು ಸಲ ಕೇಳಿದಳು.

"ಪುಸ್ತಕ."

ಅವಳು ಖಾಲಿ ಹಾಸಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮರುದಿನ ಕಾಫಿಗೆ ಬದಲು ಜೀರಿಗೆ ಕಷಾಯ ಕೊಟ್ಟಳು.

ಸಾದಲಿನ್ ಬೇಗ ಬೇಗ ಬರೆಯುವ ಲೇಖಕರು. ಮೊದಲ ದಿನ ಆರು ಪುಟ ಕೊಟ್ಟರು, ಎರಡನೆಯ ದಿನ ಒಂಬತ್ತು. ಶಿಡ್ಲಘಟ್ಟವನ್ನು ಶಿಡ್ಲೋಗ್ರಾದ್ ಎಂದು ಕರೆದರು. ಕೆರೆಯ ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟಿಸಿದರು. ನಮ್ಮ ರಾಗಿಮುದ್ದೆ ಅವರ ದೇಶದಲ್ಲಿ 'ಕಪ್ಪು ಧಾನ್ಯದ ಬಿಸಿ ಗುಂಡು' ಆಯಿತು. ಅದನ್ನು ಅಗಿಯದೆ ನುಂಗುವ ದೃಶ್ಯ ಎಷ್ಟು ವಿಷಾದಮಯವಾಗಿ ಬಂತೆಂದರೆ ನಾನೇ ಎದ್ದು ಹೋಗಿ ನೀರು ಕುಡಿದೆ. ರೇಷ್ಮೆ ಹುಳುಗಳನ್ನು ಮಾತ್ರ ಬದಲಾಯಿಸಲು ಆಗಲಿಲ್ಲ. ಅಂಥ ಹಿಮದಲ್ಲಿ ಯಾರು ಹುಳು ಸಾಕುತ್ತಾರೆ? ಸಾದಲಿನ್ ಸಾಕಿಸಿದರು. ದೊಡ್ಡ ಲೇಖಕರು, ಕೇಳುವವರು ಯಾರು?

ಹುಳುಗಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತವೆ. ಹಳೆಯ ಚರ್ಮ ಕಳಚುವ ಹೊತ್ತು ಅದು. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಆಗ ಅವುಗಳ ತಂಟೆಗೆ ಹೋಗಬಾರದು. ಬರೆಯಲಾಗದೆ ಕೂತ ಲೇಖಕರಿಗೆ ಇದನ್ನು ಹೋಲಿಸಬಹುದು. ಶಿಡ್ಲಘಟ್ಟ ತಾಲ್ಲೂಕಿನ ಎಲ್ಲ ಕವಿಗಳೂ ಹೋಲಿಸಿಯಾಗಿದೆ, ಬಹಳ ಜನ ಜ್ವರದಿಂದ ಎದ್ದೇ ಇಲ್ಲ. ಆದ್ದರಿಂದ ನಾನು ಹೋಲಿಸುವುದಿಲ್ಲ.

ಎರಡೂವರೆ ತಿಂಗಳಿಗೆ ನೂರಾ ನಲವತ್ತು ಪುಟವಾಯಿತು. ಕೊನೆಯ ಅಧ್ಯಾಯದಲ್ಲಿ ಬ್ಯಾಗು ಹಿಡಿದ ಗಂಡಸೊಬ್ಬ ಹಿಮ ತುಳಿದುಕೊಂಡು ಬಂದು ಹುಳುಮನೆಯ ಬಾಗಿಲಲ್ಲಿ ನಿಂತ. ನನಗೆ ಗೊತ್ತಿತ್ತು ಅವನು ಬರುತ್ತಾನೆಂದು. ಎಡಕ್ಕೆ ತಿರುಗಿ ನೋಡಿದೆ. ಹಾಸಿಗೆಯ ಮೇಲೆ ಏನೂ ಇರಲಿಲ್ಲ. ಆ ಸಾಲನ್ನು ಮಾತ್ರ ಬಲಕ್ಕೆ ನೋಡಿಕೊಂಡೇ ಬರೆದೆ. 'ನನಗೆ ನಿನ್ನ ಅವಸರ ಇಲ್ಲ.'

ಕಳಿಸುವ ಮುಂಚೆ ಆ ಅಧ್ಯಾಯವನ್ನು ಪೆದ್ದಮ್ಮನಿಗೆ ಓದಿ ಹೇಳಿದೆ. ಅವಳು ಹುಳುವಿನ ತಟ್ಟೆಗಳ ಕಸ ತೆಗೆಯುತ್ತಾ ಕೇಳಿದಳು.

"ಯಾವೂರೋಳೇ ಇವ್ಳು?"

"ಯೂರೋಪು, ಪೆದ್ದಮ್ಮ."

"ಅಲ್ಲೂ ಗಂಡಸ್ರು ಇಂಗೇನಾ?"

"ಇಂಗೇ."

"ಸರಿ, ಓದು."

ಓದಿ ಮುಗಿಸಿದೆ. ಪೆದ್ದಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಒಂದು ತಪ್ಪೈತೆ," ಅಂದಳು.

ನಲವತ್ತೆಂಟನೆಯ ಸುತ್ತು, ಎಂದುಕೊಂಡೆ.

"ಅವ್ನು ಬಂದಾಗ ನಾನು ಸೊಪ್ಪು ಹೆಚ್ತಿರ್ಲಿಲ್ಲ. ಹುಳ ಜ್ವರಕ್ಕೆ ಕೂತಿದ್ವು. ಸೊಪ್ಪಿನ ಕೆಲ್ಸ ಎಲ್ಲಿಂದ ಬರ್ಬೇಕು? ಸುಮ್ನೆ ಕೂತಿದ್ದೆ. ಚಪ್ಪಲಿ ಸದ್ದಿಗೇ ಗೊತ್ತಾಯ್ತು ಅವ್ನೇ ಅಂತ. ಆಗ ಮಚ್ಚು ತಗೊಂಡು ಖಾಲಿ ಮಣೆ ಮೇಲೆ ಹೆಚ್ಚಕ್ಕೆ ಕೂತೆ. ಕೈ ನಡುಗ್ತಿತ್ತಲ್ಲ, ಕಾಣ್ಬಾರ್ದು ಅಂತ."

ಇಪ್ಪತ್ತೆರಡು ವರ್ಷ ನನ್ನ ಕಣ್ಣಲ್ಲಿ ಆ ಮಣೆಯ ಮೇಲೆ ಹಸಿರು ಸೊಪ್ಪಿತ್ತು.

"ಮಿಕ್ಕಿದ್ದು ಸರಿಯಾಗೈತೆ. ಚಳಿ ಒಂದು ಜಾಸ್ತಿ ಆಯ್ತು," ಅಂದಳು ಪೆದ್ದಮ್ಮ. "ಇದ್ನ ಯಾರು ಬರ್ದಿದ್ದು ಅಂತ ಹಾಕ್ತಾರೆ?"

"ಸಾದಲಿನ್ ಅಂತ."

"ಅವ್ನು ಆವತ್ತು ಬಂದಿದ್ನಾ ಇಲ್ಲಿಗೆ?"

"ಇಲ್ಲ."

"ಮತ್ತೆ?"

ಅವಳು ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ನಾನು ಸೊಪ್ಪನ್ನು ಅಳಿಸಿ ಖಾಲಿ ಮಣೆ ಬರೆದೆ. ಹೆಸರನ್ನು ಅಳಿಸಲಿಲ್ಲ. ಅಳಿಸಿದರೆ ಆ ನೂರಾ ನಲವತ್ತು ಪುಟವೂ ನನ್ನದಾಗುತ್ತಿತ್ತು, ನನ್ನದಾದ ಕ್ಷಣವೇ ಪ್ರತಿ ಪುಟದಲ್ಲೂ ಕೆಂಪು ಸುತ್ತು ಕಾಣಲು ಶುರುವಾಗುತ್ತಿತ್ತು. ಸಾದಲಿನ್ ಬರೆದದ್ದು ಚೆನ್ನಾಗಿದೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಮೌನಿಕಾ ಬರೆದಿದ್ದರೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಹಾಗೇ ಕಳಿಸಿದೆ.

ಹನ್ನೊಂದನೆಯ ದಿನ ಶ್ರೀಕರ್ ಫೋನು ಮಾಡಿದರು. ನಾನು ಅಂಗಡಿಯಲ್ಲಿ ಒಬ್ಬ ಪಂಚಾಯ್ತಿ ಸದಸ್ಯರಿಗೆ 'ಯುವಕರ ಕಣ್ಮಣಿ' ಎಂದು ಬರೆಯುತ್ತಿದ್ದೆ. ಅವರಿಗೆ ಅರವತ್ತೆರಡು.

"ಮೌನಿಕಾ, ನಿನ್ನೆಯಿಂದ ಆ ಒಂದೇ ವಾಕ್ಯ ನನ್ನನ್ನ ಬಿಡ್ತಾ ಇಲ್ಲ ಕಣ್ರಿ."

"ಯಾವುದು ಸರ್?"

"'ನನಗೆ ನಿನ್ನ ಅವಸರ ಇಲ್ಲ.' ಅಬ್ಬಾ! ಹನ್ನೆರಡು ವರ್ಷ ಕಾದೋಳು, 'ನನಗೆ ಆತುರ ಇಲ್ಲ, ಇನ್ನೂ ಕಾಯಬಲ್ಲೆ' ಅಂತಾಳೆ. ಅದೇ ಹೊತ್ತಿಗೆ ಅದು ನಿರಾಕರಣೆಯೂ ಹೌದು. ಕಾಲವನ್ನೇ ನಿರಾಕರಿಸಿಬಿಡ್ತಾಳೆ! ನಮ್ಮೋರ ಕೈಲಿ ಇಂಥ ಒಂದು ಸಾಲು ಬರೆಸಿ ನೋಡೋಣ. ಮೂಲದಲ್ಲಿ ಏನಿದೆ ಅಲ್ಲಿ?"

"ಹೆಚ್ಚು ಕಡಿಮೆ ಇದೇ ಇದೆ ಸರ್."

"ಮತ್ತೆ ಆ ಖಾಲಿ ಮಣೆ! ಆ ಶೂನ್ಯ! ಯೂರೋಪಿನವರಿಗೆ ಮಾತ್ರ ಸಾಧ್ಯ ಅದು. ಶನಿವಾರ ಅಪ್ಪನ್ನ ನೋಡಕ್ಕೆ ಬರ್ತಿದೀನಿ. ಮುಖಪುಟ ತರ್ತೀನಿ."

ಫೋನಿಟ್ಟು ನಗಬೇಕೆಂದುಕೊಂಡೆ. ಬರಲಿಲ್ಲ. ಮೂರು ವರ್ಷ ಒಂದು ಪದ ನನ್ನನ್ನು ಕೊಂದಿತ್ತು. ಅದೇ ಪದ, ಅದೇ ಸಾಲು, ಅದೇ ಮನುಷ್ಯ. ನಡುವೆ ಬದಲಾದದ್ದು ಒಂದು ಬಸ್ಸಿನ ಬೋರ್ಡು. ಹಾಗಾದರೆ ಸಾಲು ಮೊದಲೂ ಸರಿಯಾಗಿಯೇ ಇತ್ತೆ? ಇಲ್ಲ, ಈಗಲೂ ತಪ್ಪಾಗಿಯೇ ಇದ್ದು ಇವರಿಗೆ ಗೊತ್ತಾಗುತ್ತಿಲ್ಲವೆ? ಎರಡರಲ್ಲಿ ಯಾವುದೇ ಆಗಿರಲಿ, ಅದನ್ನು ತೀರ್ಮಾನಿಸಬೇಕಾದವರು ಇವರಲ್ಲ ಎನ್ನುವುದು ಅಷ್ಟು ಹೊತ್ತಿಗೆ ನನ್ನ ದಪ್ಪ ತಲೆಗೂ ಹೊಳೆದಿತ್ತು.

ಶನಿವಾರ ಶ್ರೀಕರ್ ಅಂಗಡಿಗೇ ಬಂದರು. ಜೊತೆಗೆ ಒಂದು ಒಪ್ಪಂದ ಪತ್ರ, ಮುಖಪುಟದ ಬಣ್ಣದ ಪ್ರಿಂಟು. ಹಿಮ, ಒಣಗಿದ ಮರ, ಒಂದು ಕಾಗೆ. ಹಿಂಬದಿಯಲ್ಲಿ ಬಿಳಿ ಗಡ್ಡದ ಒಬ್ಬ ಮುದುಕರ ಫೋಟೋ. ಕೆಳಗೆ 'ಇವಾರ್ ಸಾದಲಿನ್' ಎಂದಿತ್ತು.

ನಾನು ಬಹಳ ಹೊತ್ತು ಆ ಫೋಟೋ ನೋಡಿದೆ. ಮೊದಲ ಭೇಟಿಯಲ್ಲವೆ?

"ಫೋಟೋ ಎಲ್ಲಿ ಸಿಕ್ತು ಸರ್?"

"ನಮ್ಮ ಡಿಸೈನರ್ ತುಂಬ ಕಷ್ಟಪಟ್ಟು ಹುಡುಕಿದ್ರು. ಕಣ್ಣು ನೋಡಿ ಆ ಕಣ್ಣು. ಆ ನೋವು."

ಕೋನಪ್ಪಣ್ಣ ಕನ್ನಡಕ ಹಾಕಿಕೊಂಡು ಬಗ್ಗಿದರು. "ಸಾರ್, ಈ ಅಜ್ಜನ್ನ ನಾವು ಹೋದ ವರ್ಷ ಕಣ್ಣಿನ ಕ್ಯಾಂಪಿನ ಫ್ಲೆಕ್ಸಿಗೆ ಹಾಕಿದ್ವಲ್ಲ! 'ಪೊರೆ ಬಂದಿದೆಯೇ? ಚಿಂತೆ ಬಿಡಿ' ಅಂತ. ನೆಟ್ಟಲ್ಲಿ ಪುಕ್ಕಟೆ ಸಿಗ್ತಾನೆ ಸಾರ್ 'ಮುದುಕ' ಅಂತ ಹೊಡೆದ್ರೆ."

ಶ್ರೀಕರ್ ನನ್ನ ಮುಖ ನೋಡಿದರು. ಅಷ್ಟೊತ್ತಿಗೆ ನನಗೂ ಸಾಕಾಗಿತ್ತು.

"ಸರ್, ಸಾದಲಿನ್ ಇಲ್ಲ."

"ಅಯ್ಯೋ. ಯಾವಾಗ ತೀರ್ಕೊಂಡ್ರು?"

"ತೀರ್ಕೊಳ್ಳೋಕೆ ಹುಟ್ಟಿರ್ಬೇಕು ಸರ್. ಅದು ನಾನೇ ಬರ್ದಿದ್ದು. ಸಾದಲಿ ಅಂತ ನಮ್ಮೂರು. ಆ ಹೆಂಗಸು ನಮ್ಮ ಪೆದ್ದಮ್ಮ. ಪೆದ್ದಮ್ಮ ಅಂದ್ರೆ ದಡ್ಡಿ ಅಲ್ಲ, ದೊಡ್ಡಮ್ಮ. ನೀವು ಮೂರು ವರ್ಷದ ಹಿಂದೆ ಸುತ್ತು ಹಾಕಿದ್ರಿ. ಅವಸರಕ್ಕೆ ಎರಡು ಸುತ್ತು. ನಮ್ಮ ಕಡೆ ಅದಕ್ಕೆ 'ಬೇಕಾಗಿಲ್ಲ' ಅಂತ ಅರ್ಥ. ಕಾಲ ಗೀಲ ಏನೂ ನಿರಾಕರಿಸಿಲ್ಲ ಅವ್ಳು, ಗಂಡನ್ನ ನಿರಾಕರಿಸಿದ್ಲು ಅಷ್ಟೇ."

ಶ್ರೀಕರ್ ಸ್ಟೂಲಿನ ಮೇಲೆ ಕೂತರು. ಕೋನಪ್ಪಣ್ಣ ನೀರು ಕೊಟ್ಟರು. ಕುಡಿದರು. ಬೈಯುತ್ತಾರೆ, ಒಪ್ಪಂದ ಹರಿಯುತ್ತಾರೆ ಎಂದು ಕಾದೆ. ಅವರು ನಿಧಾನವಾಗಿ ಬಾಗಿಲ ಕಡೆ ನೋಡಿ, ಸ್ಟೂಲನ್ನು ಹತ್ತಿರ ಎಳೆದುಕೊಂಡರು.

"ಇದು ಇನ್ಯಾರಿಗೆ ಗೊತ್ತು?"

"ನಿಮಗೆ. ಕೋನಪ್ಪಣ್ಣನಿಗೆ. ಪೆದ್ದಮ್ಮನಿಗೆ."

"ಅವರು ಪುಸ್ತಕ ಓದ್ತಾರಾ?"

"ಇಲ್ಲ."

"ಹಾಗಾದ್ರೆ ಏನೂ ತೊಂದ್ರೆ ಇಲ್ಲ." ಅವರ ಮುಖಕ್ಕೆ ಬಣ್ಣ ಮರಳಿತ್ತು. "ನೋಡಿ ಮೌನಿಕಾ, ಇದು ಹೀಗೇ ಇರ್ಲಿ. ಸಾದಲಿನ್ ಬಗ್ಗೆ ನಾನೇ ಇಬ್ಬರು ವಿಮರ್ಶಕರಿಗೆ ಹೇಳಿದೀನಿ. ಇಬ್ಬರೂ ಆಗ್ಲೇ ಓದಿದಾರಂತೆ."

ಕೋನಪ್ಪಣ್ಣ ಕೆಮ್ಮಿದರು.

"ನಾನು ಮೂರು ಪುಸ್ತಕಕ್ಕೆ ಒಪ್ಪಂದ ಮಾಡ್ಕೋತೀನಿ. ಅವರು ಇನ್ನೆರಡು ಬರ್ದಿರ್ತಾರಲ್ಲ? ಅನುವಾದದ ಬಹುಮಾನ ಬಂದೇ ಬರುತ್ತೆ. ನಿಮ್ಮ ಹೆಸರೂ ಇರುತ್ತೆ. ಒಳಪುಟದಲ್ಲಿ, 'ಕನ್ನಡಕ್ಕೆ: ಮೌನಿಕಾ' ಅಂತ."

"ಇದನ್ನೇ ನನ್ನ ಹೆಸರಲ್ಲಿ ತರ್ಬಹುದಲ್ಲ ಸರ್? ಹಿಮ ತೆಗೆದು, ಸಾದಲಿ ಅಂತಾನೇ ಹಾಕಿ."

ಅವರು ನಿಜವಾದ ಕರುಣೆಯಿಂದ ನನ್ನನ್ನು ನೋಡಿದರು. "ತರ್ಬಹುದು. ಆದ್ರೆ ಆಗ ನಾನು ತಿದ್ದಬೇಕಾಗುತ್ತೆ."

"ಏನನ್ನ?"

"ಉದಾಹರಣೆಗೆ, ಅವಸರ. ಅಗತ್ಯ ಅಂತ ಮಾಡ್ಬೇಕಾಗುತ್ತೆ."

"ಫೋನಲ್ಲಿ ಅಷ್ಟು ಹೊಗಳಿದ್ರಲ್ಲ ಸರ್."

"ಸಾದಲಿನ್ ಬರೆದ್ರೆ ಅದು ಶೈಲಿ ಮೌನಿಕಾ. ನೀವು ಬರೆದ್ರೆ ತಪ್ಪು." ಇದಕ್ಕಿಂತ ಸರಳವಾಗಿ ಹೇಳಲಾರೆ ಎನ್ನುವಂತೆ ಅವರು ಭುಜ ಕುಣಿಸಿದರು. ಕನ್ನಡದ ಮನುಷ್ಯನೊಬ್ಬ ಅದನ್ನು ಮಾಡುವುದನ್ನು ಮೊದಲ ಸಲ ಕಣ್ಣಾರೆ ಕಂಡೆ. ಪುಸ್ತಕದಲ್ಲಿ ಓದಿದಾಗ ತಿಳಿದದ್ದಕ್ಕಿಂತ ಅದರಲ್ಲಿ ಆಳ ಕಡಿಮೆ ಇತ್ತು.

ಅವರು ಒಪ್ಪಂದವನ್ನು ನನ್ನ ಮುಂದೆ ಸರಿಸಿ, ಅದರ ಮೇಲೆ ಪೆನ್ನು ಇಟ್ಟರು. ಅದೇ ಕೆಂಪು ಪೆನ್ನು. ಪೆನ್ನು ಎತ್ತಿಕೊಂಡೆ. ಶ್ರೀಕರ್ ನಕ್ಕರು. ನನ್ನ ಕೈ ಸ್ವಲ್ಪ ನಡುಗುತ್ತಿತ್ತು, ಹಾಗಾಗಿ ಅದಕ್ಕೊಂದು ಕೆಲಸ ಬೇಕಾಗಿತ್ತು. ಮುಖಪುಟದ ಮೇಲೆ 'ಇವಾರ್ ಸಾದಲಿನ್' ಎಂದಿದ್ದ ಕಡೆ ಒಂದು ಸುತ್ತು ಹಾಕಿದೆ. ದುಂಡಗೆ ಬಂತು. ಮೂರು ವರ್ಷ ನೋಡಿ ನೋಡಿ ಕಲಿತದ್ದು.

ಪೆನ್ನಿನ ಮುಚ್ಚಳ ಹಾಕಿ, ಪೆನ್ನು, ಮುಖಪುಟ, ಒಪ್ಪಂದ, ಮೂರನ್ನೂ ಅವರ ಕಡೆ ಸರಿಸಿದೆ.

"ನಂಗೆ ನಿಮ್ಮ ಅವಸರ ಇಲ್ಲ ಸರ್."

ಶ್ರೀಕರ್ ಹಗುರಾಗಿ ಉಸಿರುಬಿಟ್ಟರು. "ಅವಸರ ಏನಿಲ್ಲಮ್ಮ, ಖಂಡಿತ ಇಲ್ಲ. ನಿಧಾನವಾಗಿ ಯೋಚನೆ ಮಾಡಿ. ಸೋಮವಾರ ಹೇಳಿದ್ರೂ ನಡೆಯುತ್ತೆ."

ಕೋನಪ್ಪಣ್ಣ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತಾ ನನ್ನ ಕಡೆ ನೋಡಿದರು. "ಅವ್ರಿಗೆ ಕನ್ನಡದಲ್ಲಿ ಹೇಳಮ್ಮ," ಅಂದರು.

"ಬೇಡ," ಅಂದೆ.